ಹಾಯಿ ಹಗ್ಗ ಹಿಡಿದವಳು

ನನ್ನ ದೊಡ್ಡಮ್ಮನ ಕತೆಯನ್ನು ಬಂದರಿನ ಕಟ್ಟೆಯ ಮೇಲೆ ಕೂತವರು ಬೇರೆ ಥರ ಹೇಳುತ್ತಾರೆ. ಅವರ ಕತೆಯಲ್ಲಿ ಬಿರುಗಾಳಿ ಇದೆ, ಕೊಲೆ ಇದೆ, ಕೇಳುವವರು ಬಾಯಿ ಬಿಟ್ಟುಕೊಂಡು ಕೂತರೆ ಕೊನೆಗೆ ಒಂದು ಮೊಸಳೆಯೂ ಬರುತ್ತದೆ. ನಟ್ಟನಡು ಸಮುದ್ರದಲ್ಲಿ ಮೊಸಳೆ ಎಲ್ಲಿಂದ ಬಂತಪ್ಪಾ ಎಂದು ಕೇಳಿದರೆ, ‘ನೀನಲ್ಲಿದ್ಯಾ?’ ಎಂದು ನನ್ನ ಮೇಲೇ ತಿರುಗಿ ಬೀಳುತ್ತಾರೆ. ಅವರೂ ಅಲ್ಲಿರಲಿಲ್ಲ, ಆ ಮಾತು ಬೇರೆ. ನಾನು ಅದೇ ಬಂದರಿನಲ್ಲಿ ಟಿಕೆಟ್ ಕೊಡುವ ಕಿಟಕಿಯ ಹಿಂದೆ ಕೂರುವವಳು. ಕೇಳಿ ಕೇಳಿ ಕಿವಿ ತೂತಾಗಿದೆ. ಬಿರುಗಾಳಿ ಇರಲಿಲ್ಲ, ಎಲ್ಲರೂ ಕಾದು ಕೂತಿದ್ದ ಒಳ್ಳೆಯ ಗಾಳಿ ಇತ್ತು. ಕೊಲೆಯ ವಿಷಯಕ್ಕೆ ಮುಂದೆ ಬರುತ್ತೇನೆ. ದೊಡ್ಡಮ್ಮ ಹೇಳಿದ್ದು, ಆ ದೋಣಿಯಲ್ಲಿದ್ದ ನರ್ಸಮ್ಮ ಹೇಳಿದ್ದು, ಈ ಎರಡನ್ನು ಬಿಟ್ಟು ನನ್ನದೆಂದು ಏನನ್ನೂ ಸೇರಿಸುವುದಿಲ್ಲ.

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ಅವರ ಅಪ್ಪನಿಗೆ, ಅಂದರೆ ನನ್ನ ಅಜ್ಜನಿಗೆ, ಹಾಯಿ ಹೊಲಿಯುವ ಕೆಲಸ. ಉದ್ದನೆಯ ಶೆಡ್ಡು, ನೆಲದ ತುಂಬ ಹಾಸಿದ ದಪ್ಪ ಬಟ್ಟೆ, ಮೇಣ ತಿಕ್ಕಿದ ದಾರ, ಅಂಗೈಗೆ ಕಟ್ಟಿಕೊಳ್ಳುವ ಚರ್ಮದ ಪಟ್ಟಿ. ಆ ಪಟ್ಟಿಯಿಂದ ಒತ್ತದಿದ್ದರೆ ಸೂಜಿ ಬಟ್ಟೆಯೊಳಗೆ ಇಳಿಯುವುದೇ ಇಲ್ಲ. ನನ್ನ ತಾಯಿ ಎರಡು ಸಲ ಬೆರಳಿಗೆ ಚುಚ್ಚಿಕೊಂಡು, ಈ ಕೆಲಸಕ್ಕೊಂದು ನಮಸ್ಕಾರ ಎಂದು ಎದ್ದುಬಂದಳಂತೆ. ದೊಡ್ಡಮ್ಮ ಅಲ್ಲೇ ನೆಲದ ಮೇಲೆ ಬೆಳೆದಳು. ಬಾಯಿ ಕೂಡ ಆ ಶೆಡ್ಡಿನಲ್ಲೇ ಬೆಳೆಯಿತು. ಹಮಾಲರು, ಮೀನಿನವರು, ಹಡಗಿನವರು ಎಲ್ಲರಿಗೂ ಅವಳದು ಹೋಗು, ಬಾ, ಹಿಡಿ, ಕೊಡು. ಬಂದರಿನ ದೊಡ್ಡ ಅಧಿಕಾರಿ ಬಂದರೂ ‘ಬಾರಪ್ಪ, ಆ ಬಟ್ಟೆ ತುಳೀಬೇಡ’ ಎನ್ನುವಳು. ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಅವಳ ಬಾಯಲ್ಲಿ ಬಹುವಚನ ಬಂದಿದ್ದರೆ ಜನ ಗಾಬರಿಯಾಗುತ್ತಿದ್ದರು.

ದೊಡ್ಡಪ್ಪ ಆ ಶೆಡ್ಡಿಗೆ ಹರಿದ ಹಾಯಿ ಹೊತ್ತುಕೊಂಡು ಬಂದವರು.

‘ಏನ್ ಮಾಡ್ದೆ ಇದಕ್ಕೆ? ನಾಯಿ ಜೊತೆ ಜಗಳ ಆಡಿದ್ಯಾ?’ ಎಂದು ದೊಡ್ಡಮ್ಮ ಕೇಳಿದಳು.

‘ಇಲ್ಲ ರೀ, ಗಾಳಿ ಜೊತೆ. ನಿಮಗೆ ತೊಂದರೆ ಇಲ್ಲ ಅಂದ್ರೆ ಸ್ವಲ್ಪ ಬೇಗ ಹೊಲಿದು ಕೊಡ್ತೀರಾ?’

ಆಮೇಲೆ ಆ ಹಾಯಿ ಮೇಲಿಂದ ಮೇಲೆ ಹರಿಯತೊಡಗಿತು. ಬಟ್ಟೆಯನ್ನು ಇಷ್ಟು ನೇರವಾಗಿ ಹರಿಯುವ ಗಾಳಿಯನ್ನು ತಾನು ಎಲ್ಲೂ ಕಂಡಿಲ್ಲ, ಇದು ಚಾಕುವಿನ ಕೆಲಸ ಎಂದು ಅಜ್ಜ ಅಂದರಂತೆ. ಅಂದು, ಮದುವೆ ಮಾಡಿಕೊಟ್ಟರು.

ದೊಡ್ಡಪ್ಪನಿಗೆ ಒಂದು ಹಾಯಿದೋಣಿ ಇತ್ತು. ದ್ವೀಪದಿಂದ ದ್ವೀಪಕ್ಕೆ ಸಾಮಾನು ಸಾಗಿಸುವುದು, ಜನ ಸಿಕ್ಕರೆ ಜನರನ್ನೂ ಕರೆದೊಯ್ಯುವುದು ಅವರ ಕೆಲಸ. ಮನುಷ್ಯ ಮರ್ಯಾದೆಯ ಮೂಟೆ. ಕಾಲಿಗೆ ತೊಡರಿದ ಬೆಕ್ಕಿಗೂ ‘ಆ ಕಡೆ ಹೋಗಿ’ ಎನ್ನುವರು. ಒಮ್ಮೆ ಒಬ್ಬ ಪ್ರಯಾಣಿಕ ಸಹಾಯ ಮಾಡಲು ಹೋಗಿ ಲಂಗರನ್ನು ಅವರ ಕಾಲ ಮೇಲೇ ಬಿಟ್ಟ. ಬೇರೆ ಯಾರಾದರೂ ಆಗಿದ್ದರೆ ಅವನ ವಂಶವನ್ನೆಲ್ಲ ಜಾಲಾಡುತ್ತಿದ್ದರು. ದೊಡ್ಡಪ್ಪ ‘ಎತ್ರೀ ಸಾರ್, ದಯವಿಟ್ಟು ಎತ್ರೀ!’ ಎಂದು ಕಿರುಚಿದರು. ಹೆಬ್ಬೆರಳಿನ ಉಗುರು ಹೋಯಿತು, ಬಹುವಚನ ಹೋಗಲಿಲ್ಲ ಎಂದು ಬಂದರಿನಲ್ಲಿ ಇಂದಿಗೂ ನಗುತ್ತಾರೆ.

ಹೆಂಡತಿಗೆ ಮಾತ್ರ ನೀನು, ತಾನು. ದೊಡ್ಡಮ್ಮ ಅದನ್ನೇ ಹಿಡಿದು ಅವರನ್ನು ಗೋಳು ಹೊಯ್ದುಕೊಳ್ಳುತ್ತಿದ್ದಳು. ‘ಊರಿಗೆ ಉಪಕಾರಿ, ಮನೆಗೆ ಮಾರಿ. ಬೆಕ್ಕಿಗಿಂತ ಕಡೆಯಾದ್ನೇನ್ರೀ ನಾನು?’ ಎನ್ನುವಳು. ಅವರು ನಗುತ್ತ, ‘ನಿಂಗೂ ನೀವು ಅಂದ್ರೆ ನನ್ನೋರು ಅಂತ ಯಾರೇ ಉಳೀತಾರೆ?’ ಎನ್ನುವರು. ಇಡೀ ಲೋಕವನ್ನು ಏಕವಚನದಲ್ಲಿ ಮಾತಾಡಿಸುವ ದೊಡ್ಡಮ್ಮ ಗಂಡನಿಗೆ ಮಾತ್ರ ‘ರೀ’ ಎನ್ನುತ್ತಿದ್ದಳು. ಹಾಗೆ ಅವರ ಸಂಸಾರ ನಡೆಯಿತು. ಮಕ್ಕಳಾಗಲಿಲ್ಲ. ಅದರ ಬಗ್ಗೆ ದೊಡ್ಡಮ್ಮ ಮಾತಾಡಿದ್ದನ್ನು ನಾನು ಕೇಳಿಲ್ಲ.

ದೋಣಿಯಲ್ಲಿ ಅವಳದು ಅಡುಗೆ. ಕೆಳಗೆ ಕಪಾಟಿನಷ್ಟು ಅಗಲದ ಅಡುಗೆಮನೆ, ಒಲೆಯ ಸುತ್ತ ಪಾತ್ರೆ ಜಾರದಂತೆ ಕಂಬಿ, ಬಾಗಿಲಿಲ್ಲದ ಕಡೆ ಪರದೆ. ದೊಡ್ಡಪ್ಪ ಏನಾದರೂ ಸರಿಮಾಡಲು ದೋಣಿಯ ಮುಂಭಾಗಕ್ಕೆ ಹೋದರೆ ಅವಳು ಮೇಲೆ ಬಂದು ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದು ಕೈಯಲ್ಲಿ ಹಾಯಿ ಹಗ್ಗ ಹಿಡಿದು ಕೂರಬೇಕು. ಹಾಯಿ ಹಗ್ಗ ಎಂದರೆ ಹಾಯಿಯನ್ನು ಗಾಳಿಗೆ ಒಡ್ಡಿ ಬಿಗಿಹಿಡಿಯುವ ಹಗ್ಗ. ಹಿಡಿದರೆ ದೋಣಿ ಓಡುತ್ತದೆ. ಬಿಟ್ಟರೆ ಹಾಯಿ ಒಗೆದ ಬಟ್ಟೆಯ ಹಾಗೆ ಪಟಪಟ ಬಡಿದುಕೊಳ್ಳುತ್ತದೆ, ದೋಣಿ ಅಲ್ಲೇ ನಿಂತುಬಿಡುತ್ತದೆ. ಮದುವೆಯಾದ ಹೊಸದರಲ್ಲಿ ದೊಡ್ಡಮ್ಮ ಒಮ್ಮೆ ತನ್ನ ಬುದ್ಧಿಗೆ ತೋಚಿದಂತೆ ಹಗ್ಗ ಬಿಟ್ಟದ್ದಕ್ಕೆ ಹಾಯಿಯ ಅಡ್ಡಮರ ಗರ್ರನೆ ತಿರುಗಿ ಒಬ್ಬ ಪ್ರಯಾಣಿಕನ ಭುಜದ ಮೂಳೆ ಮುರಿಯಿತು. ದೊಡ್ಡಪ್ಪ ಬೈಯಲಿಲ್ಲ. ‘ಇನ್ಮೇಲೆ ನಾನು ಹೇಳ್ದೆ ಆ ಹಗ್ಗ ಸಡಿಲ ಮಾಡ್ಬೇಡ’ ಎಂದರು, ಅಷ್ಟೆ. ಆ ಮೇಲೆ ಅವಳು ಮಾಡಲಿಲ್ಲ. ಅವರು ಹೇಳುತ್ತಿದ್ದುದೂ ಬಾಯಲ್ಲಲ್ಲ. ಗಾಳಿಯಲ್ಲಿ ಮಾತು ನಿಲ್ಲುವುದಿಲ್ಲವೆಂದು ಮುಂಭಾಗದಿಂದ ಕೈ ಎತ್ತುವರು. ಕೈ ಮೇಲೆ ಹೋದರೆ ಇವಳು ಹಗ್ಗ ಬಿಡುವಳು.

ಆ ಸಲದ ಪ್ರಯಾಣಕ್ಕೆ ಮೂವರು ಸಿಕ್ಕರು. ದೂರದ ದ್ವೀಪಕ್ಕೆ ಹೋಗುವ ಲಾಂಚು ರಿಪೇರಿಗೆ ನಿಂತಿತ್ತು. ಒಬ್ಬರು ನರ್ಸಮ್ಮ, ಆಸ್ಪತ್ರೆಯ ಕೆಲಸದಿಂದ ನಿವೃತ್ತರಾಗಿ ತಂಗಿಯ ಮನೆಗೆ ಹೊರಟವರು. ಇನ್ನೊಬ್ಬ ಕಂತ್ರಾಟುದಾರ, ಕಟ್ಟಡದ ಕೆಲಸದವನು. ಕೂತಲ್ಲಿ ಕೂತು ಲೋಕವನ್ನೆಲ್ಲ ರಿಪೇರಿ ಮಾಡುವಂಥ ಗಂಟಲು. ಮೂರನೆಯವರು ಮೇಷ್ಟ್ರು. ಹೆಂಡತಿ ತವರಿನಲ್ಲಿ ಚೊಚ್ಚಲ ಹೆರಿಗೆಗೆಂದು ಇದ್ದಳು, ದಿನ ತುಂಬಿತ್ತು. ಒಬ್ಬರಿಗೊಬ್ಬರು ಮುಖ ಪರಿಚಯವೂ ಇಲ್ಲದವರು. ಆ ದೋಣಿಯಲ್ಲಿ ಒಬ್ಬರು ಮಗ್ಗುಲಾದರೆ ಇನ್ನೊಬ್ಬರಿಗೆ ಎಚ್ಚರವಾಗುತ್ತದೆ.

ಮೊದಲೆರಡು ದಿನ ಸರಿಯಿತ್ತು. ಆಮೇಲೆ ಗಾಳಿ ಬಿದ್ದುಹೋಯಿತು. ಸಮುದ್ರ ಎಣ್ಣೆ ಹೊಯ್ದಂತೆ ಮಲಗಿತು, ಹಾಯಿ ಜೋಲುಬಿತ್ತು, ಮಧ್ಯಾಹ್ನ ಡೆಕ್ಕಿನ ಹಲಗೆಯ ಮೇಲೆ ಬರಿಗಾಲು ಇಡುವಂತಿರಲಿಲ್ಲ. ದೋಣಿಗೆ ಎಂಜಿನ್ ಇರಲಿಲ್ಲ. ಒಂದು ರೇಡಿಯೊ ಇತ್ತು, ಅದು ಅಷ್ಟು ದೂರದಲ್ಲಿ ಗೊರಗೊರ ಎನ್ನುವುದನ್ನು ಬಿಟ್ಟು ಇನ್ನೇನೂ ಹೇಳುತ್ತಿರಲಿಲ್ಲ. ಕಂತ್ರಾಟುದಾರ ಗೊರಕೆ ಹೊಡೆದ, ನರ್ಸಮ್ಮ ಅವನಿಗೆ ಮಗ್ಗುಲು ಬದಲಿಸುವ ಪಾಠ ಹೇಳಿದರು, ಅವನು ನಿಮ್ಮ ಆಸ್ಪತ್ರೆಯಲ್ಲಿ ಬದುಕಿದವರುಂಟೇ ಎಂದು ಕೇಳಿದ. ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಹಾಗೆ. ಮೇಷ್ಟ್ರು ಯಾರೊಂದಿಗೂ ಜಗಳವಾಡಲಿಲ್ಲ. ಡೆಕ್ಕಿನ ಮೇಲೆ ಆ ತುದಿಯಿಂದ ಈ ತುದಿಗೆ ಓಡಾಡಿದರು. ಒಂದು ಸಂಜೆ ಚಹಾ ಕುಡಿಯುತ್ತಿದ್ದಾಗ ಅವರ ತಲೆ ಕೆಟ್ಟಿತು.

‘ಇನ್ನೆಷ್ಟು ಹೊತ್ತು ಹೀಗೇ?’ ಎಂದು ದೊಡ್ಡಪ್ಪನನ್ನು ಕೇಳಿದರು.

‘ಗಾಳಿ ನನ್ನ ಮಾತು ಕೇಳಲ್ಲ ಸಾರ್. ತಾಳಿದವನು ಬಾಳಿಯಾನು ಅಂತಾರೆ.’

‘ತಾಳೋದು! ಅಲ್ಲಿ ಹೆಂಡ್ತಿ ಜೀವ ಕೈಲಿ ಹಿಡ್ಕೊಂಡು ಮಲಗಿದಾಳೆ, ಇಲ್ಲಿ ಗಾದೆ ಹೇಳ್ತೀರಲ್ರೀ? ನಿಮ್ಮನ್ನೆತ್ತಿ ನೀರಿಗೆ ಹಾಕ್ಬೇಕು, ಆಗ ಗೊತ್ತಾಗುತ್ತೆ ತಾಳೋದು ಅಂದ್ರೇನು ಅಂತ!’

‘ಹಾಕಿ ಸಾರ್, ತಣ್ಣಗಾದ್ರೂ ಇರುತ್ತೆ’ ಎಂದು ದೊಡ್ಡಪ್ಪ ನಕ್ಕರು. ಮೇಷ್ಟ್ರು ನಾಚಿಕೊಂಡು ಕೆಳಗೆ ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಂತ್ರಾಟುದಾರ ಆ ಮಾತನ್ನು ಚೆನ್ನಾಗಿ ಕೇಳಿಸಿಕೊಂಡಿದ್ದ.

ಮರುದಿನ ಗಾಳಿ ಬಂತು. ನೀರು ಕಪ್ಪಾಯಿತು, ಹಾಯಿ ಉಬ್ಬಿತು, ದೋಣಿ ಒಂದು ಮಗ್ಗುಲಿಗೆ ವಾಲಿ ಓಡತೊಡಗಿತು. ‘ಗಾಳಿ ಬಂದಾಗ ತೂರ್ಕೋಬೇಕು ಸಾರ್!’ ಎಂದು ದೊಡ್ಡಪ್ಪ ಮೇಷ್ಟ್ರ ಬೆನ್ನು ತಟ್ಟಿದರು, ಮೇಷ್ಟ್ರು ಮೊದಲ ಸಲ ನಕ್ಕರು. ಮುಂದಿನ ಹಾಯಿಯ ಹಗ್ಗವೊಂದು ದೋಣಿಯ ಮೂತಿಯ ಹತ್ತಿರ ಸಿಕ್ಕಿಹಾಕಿಕೊಂಡಿತ್ತು. ಅದನ್ನು ಬಿಡಿಸಲು ದೊಡ್ಡಪ್ಪ ಹೊರಟು ಹೆಂಡತಿಯನ್ನು ಕರೆದರು. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಮೇಲೆ ಬಂದು, ಚುಕ್ಕಾಣಿ ಹಿಡಿದು, ಹಾಯಿ ಹಗ್ಗವನ್ನು ಅಂಗೈಗೆ ಸುತ್ತಿಕೊಂಡು ಕೂತಳು. ಮೇಷ್ಟ್ರು ಅವಳ ಪಕ್ಕದಲ್ಲಿ, ಹಿಂಬದಿಯ ಕಟಕಟೆಗೆ ಒರಗಿ ನಿಂತಿದ್ದರು. ಕಂತ್ರಾಟುದಾರ ಹಾಯಿಕಂಬವನ್ನು ಅಪ್ಪಿಕೊಂಡಿದ್ದ. ನರ್ಸಮ್ಮ ಕೆಳಗಿದ್ದರು.

ದೊಡ್ಡಪ್ಪ ಹಗ್ಗ ಬಿಡಿಸಿದರು. ತಿರುಗುವಾಗ ದೋಣಿಯ ಮೂತಿ ಒಂದು ಅಲೆಯೊಳಗೆ ಅದ್ದಿತು. ನೀರು ಇಳಿದಾಗ ಅವರು ಅಲ್ಲಿರಲಿಲ್ಲ.

ದೋಣಿ ಅವರ ಪಕ್ಕದಿಂದಲೇ ಜಾರಿತು. ‘ಹಗ್ಗ ಹಾಕಿ ಸಾರ್, ಹಗ್ಗ!’ ಎಂಬ ಕೂಗು ಎಲ್ಲರಿಗೂ ಕೇಳಿಸಿತು. ಮೇಷ್ಟ್ರು ಹಿಂಬದಿಯಲ್ಲಿ ಸುತ್ತಿಟ್ಟಿದ್ದ ಹಗ್ಗವನ್ನು ಎಸೆದರು. ಗುರಿ ಚೆನ್ನಾಗಿತ್ತು, ದೊಡ್ಡಪ್ಪ ಹಿಡಿದುಕೊಂಡರು. ಮೇಷ್ಟ್ರು ಕಟಕಟೆಗೆ ಕಾಲು ಕೊಟ್ಟು, ಹಲ್ಲು ಕಚ್ಚಿ ಹಿಡಿದರು. ದೋಣಿ ಓಡುತ್ತಲೇ ಇತ್ತು. ಹಿಂದೆ ದೊಡ್ಡಪ್ಪ ನೀರಿನಲ್ಲಿ ಎಳೆದುಕೊಂಡು ಬರುತ್ತಿದ್ದರು. ಓಟದ ರಭಸಕ್ಕೆ ನೀರು ಅವರ ಮುಖದ ಮೇಲೇ ಹರಿಯುತ್ತಿತ್ತು. ದೊಡ್ಡಮ್ಮ ತಿರುಗಿ ಅವರನ್ನೇ ನೋಡುತ್ತಿದ್ದಳು. ಏನು ಮಾಡಬೇಕೆಂದು ಅವರ ಕೈ ಹೇಳುತ್ತದೆ ಎಂದು ಕಾದಳು. ಕೈ ಮೇಲೇಳಲಿಲ್ಲ. ಎರಡೂ ಕೈ ಹಗ್ಗದ ಮೇಲಿದ್ದವು. ಅವರು ತಲೆ ಎತ್ತಿದರು, ನೀರು ಉಗುಳಿದರು, ಮತ್ತೆ ತಲೆ ಎತ್ತಿದರು. ಗಾಳಿಯ ನಡುವೆ ಒಂದೇ ಒಂದು ಮಾತು ಬಂತು.

‘ಬಿಡು!’

ಹಗ್ಗ ಕೈಗೆ ಬಿಗಿಯುತ್ತಿದೆ, ಸ್ವಲ್ಪ ಸಡಿಲ ಬಿಡು ಎಂದು ಮೇಷ್ಟ್ರಿಗೆ ಅನ್ನುತ್ತಿದ್ದಾರೆ ಎಂದು ದೊಡ್ಡಮ್ಮ ತಿಳಿದಳು. ಅಷ್ಟರಲ್ಲಿ ಪಕ್ಕದಲ್ಲಿ ಮೇಷ್ಟ್ರು ಎರಡೂ ಮುಷ್ಟಿ ಬಿಚ್ಚಿದರು. ಹಗ್ಗದ ತುದಿ ಕಟಕಟೆಯನ್ನು ದಾಟಿ ನೀರಿಗೆ ಹೋಯಿತು.

ಆ ಮೇಲೆ ಅವಳು ಹಾಯಿ ಹಗ್ಗ ಬಿಟ್ಟಳು, ದೋಣಿ ತಿರುಗಿಸಿದಳು, ಅದೇ ನೀರಿನ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಿಸಿದಳು. ಬೆಳಕು ಇರುವವರೆಗೆ ಹುಡುಕಿದರು. ಮರುದಿನವೂ ಹುಡುಕಿದರು. ಅಲೆಯ ತಲೆಯೆಲ್ಲ ಮನುಷ್ಯನ ತಲೆಯಂತೆ ಕಾಣುತ್ತಿತ್ತು ಎಂದು ನರ್ಸಮ್ಮ ನನಗೆ ಹೇಳಿದರು. ದೊಡ್ಡಮ್ಮ ಅದನ್ನೂ ಹೇಳಲಿಲ್ಲ.

ಹುಡುಕುವುದನ್ನು ಬಿಟ್ಟು ದಿಕ್ಕು ಹಿಡಿದ ಮೇಲೆ ಕಂತ್ರಾಟುದಾರ ಬಾಯಿ ತೆರೆದ. ಮೇಷ್ಟ್ರು ಬೇಕೆಂದೇ ಕೈಬಿಟ್ಟರು, ತಾನು ಕಣ್ಣಾರೆ ಕಂಡೆ, ಅದರ ಹಿಂದಿನ ದಿನ ನೀರಿಗೆ ಹಾಕುತ್ತೇನೆ ಎಂದದ್ದನ್ನು ಕಿವಿಯಾರೆ ಕೇಳಿದೆ ಎಂದ.

‘ಅವರೇ ಬಿಡು ಅಂದ್ರು. ಅದಕ್ಕೇ ಬಿಟ್ಟೆ’ ಎಂದು ಮೇಷ್ಟ್ರು ತೊದಲಿದರು.

‘ಮುಳುಗೋನು ಬಿಡು ಅಂತಾನೇನ್ರೀ? ಯಾರ ಕಿವೀಲಿ ಹೂ ಇಡ್ತೀರಿ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ!’

‘ಅಮ್ಮಾ, ನೀವು ಪಕ್ಕದಲ್ಲೇ ಇದ್ರಿ. ನಿಮಗೆ ಕೇಳಿಸಿರ್ಬೇಕು. ಹೇಳೀಮ್ಮಾ.’

ಮೂವರೂ ದೊಡ್ಡಮ್ಮನ ಕಡೆ ತಿರುಗಿದರು. ಅವಳು ಚುಕ್ಕಾಣಿಯಿಂದ ಕಣ್ಣು ತೆಗೆಯದೆ, ‘ಗಾಳಿ ಇತ್ತು. ನಂಗೇನೂ ಕೇಳಿಸ್ಲಿಲ್ಲ’ ಎಂದಳು.

ಇದು ಸುಳ್ಳು. ಸುಳ್ಳೆಂದು ಆ ಸಮುದ್ರದಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಆ ಒಂದು ಮಾತನ್ನು ಅವಳು ಕೇಳಿದೆ ಎಂದರೆ ಮೇಷ್ಟ್ರು ಬಂದರಿನಲ್ಲಿ ಇಳಿದು ಮಗುವಿನ ಮುಖ ನೋಡಬಹುದು. ಕೇಳಿಲ್ಲವೆಂದರೆ ಕಂತ್ರಾಟುದಾರನ ಸಾಕ್ಷಿಯೊಂದೇ ಸಾಕು, ಕೊಲೆಯ ಆಪಾದನೆ ಹೊತ್ತು ಒಳಗೆ ಹೋಗುತ್ತಾರೆ. ಯಾಕೆ ಹಾಗಂದೆ ಎಂದು ಬಹಳ ವರ್ಷದ ಮೇಲೆ ನಾನು ಕೇಳಿದೆ. ಅವಳು ನೇರವಾಗಿಯೇ ಹೇಳಿದಳು: ‘ಹೊಟ್ಟೆ ಉರೀತಿತ್ತು ಕಣೆ. ಸಡಿಲ ಬಿಡು ಅಂದ್ರೆ ಪೂರ್ತಿ ಬಿಟ್ಟ ಮುಠ್ಠಾಳ. ಅವನೇನು ಕೊಲ್ಲೋಕೆ ಮಾಡಿಲ್ಲ ಅಂತ ಗೊತ್ತಿತ್ತು. ಗೊತ್ತಿದ್ರೇನು? ನನ್ನ ಗಂಡನ್ನ ಬಿಟ್ಟ ಕೈ ಅದು. ಒಳಗೆ ಹೋದ್ರೆ ಹೋಗ್ಲಿ ಅನ್ನಿಸ್ತು. ಕೊಳೀಲಿ ಅನ್ನಿಸ್ತು.’

ಕಂತ್ರಾಟುದಾರ ಮೇಷ್ಟ್ರನ್ನು ಹಾಯಿ ಬಟ್ಟೆ ಇಡುವ ಗೂಡಿಗೆ ನೂಕಿ ಹೊರಗಿನಿಂದ ಅಗುಳಿ ಹಾಕಿದ. ಮೇಷ್ಟ್ರು ತಡೆಯಲಿಲ್ಲ. ಅಡುಗೆಮನೆಯ ಚಾಕುವನ್ನು ತಾನು ಸೊಂಟಕ್ಕೆ ಸಿಕ್ಕಿಸಿಕೊಂಡ. ಅದರಿಂದ ಆದ ಅನಾಹುತವೆಂದರೆ ದೊಡ್ಡಮ್ಮನಿಗೆ ಆಲೂಗಡ್ಡೆ ಹೆಚ್ಚಲು ಚಾಕು ಇಲ್ಲದೆ ಹೋದದ್ದು. ಅರ್ಧ ದಿನ ಹಾಗೇ ನಡೆಯಿತು. ಆಮೇಲೆ ಹಾಯಿ ಬದಲಿಸಬೇಕಾಯಿತು. ಕಂತ್ರಾಟುದಾರ ಒಂದು ಹಗ್ಗ ಎಳೆದು, ಸೊಂಟ ಹಿಡಿಯಿತೆಂದು ಕೂತುಬಿಟ್ಟ. ದೊಡ್ಡಮ್ಮ ಎದ್ದು ಹೋಗಿ ಅಗುಳಿ ತೆಗೆದಳು.

‘ಕೊಲೆಗಾರನ್ನ ಬಿಡ್ತೀರಲ್ಲಮ್ಮ?’ ಎಂದು ಅವನು ಗಾಬರಿಯಿಂದ ಕೂಗಿದ.

‘ಹಾಗಾದ್ರೆ ನೀನು ಎಳಿ. ಆಗುತ್ತಾ? ಆಗಲ್ಲ ತಾನೆ? ಬಾಯ್ಮುಚ್ಕೊಂಡು ಆ ಚಾಕು ಕೊಟ್ಟು, ಈರುಳ್ಳಿ ಸುಲಿ.’

ಅಲ್ಲಿಂದ ಮೇಷ್ಟ್ರು ಅವಳ ಎರಡು ಕೈಯಾದರು. ಹಗಲೆಲ್ಲ ಅವಳ ಕೂಗು ಡೆಕ್ಕಿನ ಮೇಲೆ. ಎಳಿ. ಹಿಡಿ. ಕಟ್ಟು. ಬಿಡು. ಕತ್ತೆಯನ್ನೂ ಯಾರೂ ಅಷ್ಟು ಬಿರುಸಾಗಿ ಮಾತಾಡಿಸುವುದಿಲ್ಲ. ಮೇಷ್ಟ್ರ ಅಂಗೈ ಸುಲಿದುಹೋಯಿತು, ನರ್ಸಮ್ಮ ಬಟ್ಟೆ ಸುತ್ತಿದರು, ಮತ್ತೆ ಎಳೆದರು. ಸಮಯ ಸಿಕ್ಕಾಗಲೆಲ್ಲ ಅವರು ಅವಳ ಎದುರು ಬಂದು ಕೂರುತ್ತಿದ್ದರು. ‘ಅಮ್ಮಾ, ನಿಜವಾಗ್ಲೂ ನಿಮಗೆ ಕೇಳಿಸ್ಲಿಲ್ವಾ?’

‘ಗಾಳಿ ಇತ್ತು ಅಂದ್ನಲ್ಲ.’

ಮೇಷ್ಟ್ರ ತಟ್ಟೆಯಲ್ಲಿ ಅನ್ನ ಹಾಗೇ ಉಳಿಯುತ್ತಿತ್ತು. ನನಗೇ ಭ್ರಮೆಯಾಯಿತೇನೋ, ಅವರು ಏನೂ ಅನ್ನಲಿಲ್ಲವೇನೋ, ಆ ಸಿಟ್ಟು ನನ್ನೊಳಗೇ ಇತ್ತೇನೋ ಎಂದು ಮೇಷ್ಟ್ರು ನರ್ಸಮ್ಮನ ಮುಂದೆ ಅತ್ತರು. ಪಾಪದ ಮನುಷ್ಯ, ತನ್ನ ಕಿವಿಯ ಮೇಲೇ ನಂಬಿಕೆ ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದರು.

ದ್ವೀಪದ ಗುಡ್ಡ ಕಂಡ ಬೆಳಿಗ್ಗೆ ದೋಣಿಯ ದಿಕ್ಕು ಬದಲಿಸುತ್ತಿದ್ದರು. ಮೇಷ್ಟ್ರು ಒಂದು ಹಗ್ಗವನ್ನು ಇನ್ನೂ ಹಿಡಿದೇ ನಿಂತಿದ್ದರು. ಬಿಡು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅವರ ಕೈ ಮರಗಟ್ಟುತ್ತಿತ್ತಂತೆ.

‘ಬಿಡು ಅಂದ್ನಲ್ಲೋ, ಬಿಡೋ! ಕಿವುಡು ಮುಂಡೇದೆ!’ ಎಂದು ದೊಡ್ಡಮ್ಮ ಕಿರುಚಿದಳು.

ನರ್ಸಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತು ಬಟ್ಟೆ ಮಡಚುತ್ತಿದ್ದರು. ಅಷ್ಟು ದಿನ ಸುಮ್ಮನಿದ್ದವರಿಗೆ ಅವತ್ತು ತಡೆಯಲಾಗಲಿಲ್ಲ.

‘ಸಂಕಟ ಇದೆ, ನಂಗೆ ಅರ್ಥ ಆಗುತ್ತೆ. ಆದ್ರೂ ಹೋಗೋ ಬಾರೋ ಬೇಡಮ್ಮ. ನಾಳೆ ಅವರ ಹಣೇಲಿ ಏನಿದ್ಯೋ. ನಿಮ್ಮ ಯಜಮಾನ್ರು ನಮಗ್ಯಾರಿಗಾದ್ರೂ ಒಂದ್ ಸಲ ಏಕವಚನದಲ್ಲಿ ಅಂದಿದ್ದುಂಟಾ? ನೀರಿಗೆ ಬಿದ್ದಾಗ್ಲೂ ಹಗ್ಗ ಹಾಕಿ ಸಾರ್ ಅಂತ ಕೂಗಿದ್ದು ಕೆಳಗಿದ್ದ ನಂಗೂ ಕೇಳಿಸ್ತಲ್ಲ.’

ದೊಡ್ಡಮ್ಮ ಎದ್ದು ನಿಂತಳು, ಮತ್ತೆ ಕೂತಳು. ಚುಕ್ಕಾಣಿ ಕೈ ತಪ್ಪಿ ದೋಣಿ ಹೊಯ್ದಾಡಿತು, ಮೇಷ್ಟ್ರೇ ಓಡಿಬಂದು ಹಿಡಿದರು. ಗಂಡನ ದುಃಖ ಈಗ ಕಟ್ಟೆಯೊಡೆಯಿತು, ಒಳ್ಳೆಯದೇ ಆಯಿತು ಎಂದು ನರ್ಸಮ್ಮ ಅಂದುಕೊಂಡರಂತೆ. ಅವಳು ಅಳಲಿಲ್ಲ. ತನ್ನ ಬಲಗೈಯ ಅಂಗೈ ನೋಡುತ್ತ ಕೂತಿದ್ದಳು. ಕೇಳಿದ ಮಾತು ಕೇಳಿದ ಹಾಗೇ ಕಿವಿಯಲ್ಲಿತ್ತು, ಒಂದು ಅಕ್ಷರವೂ ಮಾಸಿರಲಿಲ್ಲ. ಅವರು ಬಿಡಿ ಎಂದಿರಲಿಲ್ಲ.

‘ದಿನಾ ಎಲ್ಲರಿಗೂ ಬಿಡು, ಹಿಡಿ ಅನ್ನೋಳು ನಾನು. ನನ್ನ ಕಿವಿಗೆ ಅದ್ರಲ್ಲಿ ವ್ಯತ್ಯಾಸಾನೇ ಹೊಳೀಲಿಲ್ಲ ಕಣೆ’ ಎಂದು ನನ್ನ ಮುಂದೆ ಹೇಳಿದಳು. ಈ ಮಾತು ಅವಳು ಹೇಳಿದ್ದು ಅದೊಂದೇ ಸಲ.

ಆ ದಿನ ಅವಳು ಅಡುಗೆ ಮಾಡಲಿಲ್ಲ. ಮೇಷ್ಟ್ರಿಗೆ ಕೂಗಲೂ ಇಲ್ಲ. ಕೈಸನ್ನೆಯಲ್ಲೇ ದೋಣಿಯನ್ನು ಬಂದರಿಗೆ ತಂದು ಕಟ್ಟಿದರು.

ಕಂತ್ರಾಟುದಾರ ಹಲಗೆ ಹಾಕುವ ಮೊದಲೇ ದಡಕ್ಕೆ ಹಾರಿ ಬಂದರಿನ ಕಚೇರಿಗೆ ಓಡಿದ. ಆ ಸೊಂಟದಲ್ಲಿ ಅಷ್ಟು ಓಟವಿತ್ತು. ಸ್ವಲ್ಪ ಹೊತ್ತಿನಲ್ಲಿ ಎಲ್ಲರನ್ನೂ ಕರೆಸಿದರು. ಕಚೇರಿ ಎಂದರೆ ಒಂದೇ ಕೋಣೆ. ಹಸಿರು ಬಳಿದ ಗೋಡೆ ಅರ್ಧಕ್ಕೆ ಸುಲಿದಿತ್ತು, ಫ್ಯಾನು ತಿರುಗುವಾಗ ಟಕಟಕ ಎನ್ನುತ್ತಿತ್ತು, ಮೇಜಿನ ಮೇಲಿನ ಕಾಗದ ಹಾರದಂತೆ ಒಂದು ತುಕ್ಕುಹಿಡಿದ ರಾಟೆಯನ್ನು ಇಟ್ಟಿದ್ದರು. ಅಧಿಕಾರಿ ವಯಸ್ಸಾದವರು, ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಮಾತಾಡುವವರು. ಬಾಗಿಲಲ್ಲಿ ಪೋಲೀಸಿನವನೊಬ್ಬ ನಿಂತಿದ್ದ. ಅವನ ಆಚೆ ಮೇಷ್ಟ್ರ ಭಾವಮೈದ. ದೋಣಿ ಬಂತೆಂದು ಕೇಳಿ ಓಡಿಬಂದವನು, ಒಳಗೆ ಬಿಡದಿದ್ದಕ್ಕೆ ಹೊರಗಿನಿಂದಲೇ ಕೂಗಿದ: ‘ಭಾವ, ಹೆಣ್ಣು ಮಗು! ಇಬ್ರೂ ಚೆನ್ನಾಗಿದಾರೆ! ಯಾಕೆ ಇಲ್ಲಿ ಕೂರಿಸಿದಾರೆ ನಿಮ್ಮನ್ನ?’

ಮೇಷ್ಟ್ರು ಆ ಕಡೆ ತಿರುಗಿ ನೋಡಲೂ ಇಲ್ಲ.

ಕಂತ್ರಾಟುದಾರ ತನಗೆ ಕಂಡದ್ದನ್ನೂ ಕೇಳಿದ್ದನ್ನೂ ಹೇಳಿದ. ಸುಳ್ಳು ಒಂದೂ ಹೇಳಲಿಲ್ಲ, ಅದನ್ನು ಒಪ್ಪಬೇಕು. ಅವನ ಕಣ್ಣಿಗೆ ಕಂಡದ್ದೇ ಹಾಗಿತ್ತು. ಮೇಷ್ಟ್ರನ್ನು ಕೇಳಿದರು. ‘ಬಿಡು ಅಂದ ಹಾಗಾಯ್ತು ಸಾರ್. ಈಗ ನಂಗೇ ಖಾತ್ರಿ ಇಲ್ಲ’ ಎಂದರು. ಪೋಲೀಸಿನವನು ಒಂದು ಹೆಜ್ಜೆ ಒಳಗೆ ಬಂದ.

ಅಧಿಕಾರಿ ದೊಡ್ಡಮ್ಮನ ಕಡೆ ತಿರುಗಿದರು. ‘ನಿಮ್ಮ ದುಃಖದಲ್ಲಿ ಕೇಳೋದು ತಪ್ಪು, ಆದ್ರೂ ಕೇಳ್ಲೇಬೇಕು. ಯಜಮಾನ್ರು ಕೊನೇಲಿ ಏನಾದ್ರೂ ಅಂದ್ರಾ?’

‘ಅಂದ್ರು. ಬಿಡು ಅಂದ್ರು.’

ಕಂತ್ರಾಟುದಾರ ಕುರ್ಚಿಯಿಂದ ಎದ್ದೇಬಿಟ್ಟ. ‘ಅವತ್ತು ಏನೂ ಕೇಳಿಸ್ಲಿಲ್ಲ ಅಂದ್ರಿ!’

‘ಸುಳ್ಳು ಹೇಳಿದ್ದೆ. ಕೂತ್ಕೋ.’

ಅವನು ಕೂತ. ಮೇಷ್ಟ್ರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅಧಿಕಾರಿ ನಿಟ್ಟುಸಿರು ಬಿಟ್ಟು ಕನ್ನಡಕ ಕೆಳಗಿಳಿಸಿದರು.

‘ಅಂದ್ರೆ ಅವರು ಸಡಿಲ ಬಿಡೋಕೆ ಹೇಳಿದ್ರು, ಗಾಬರೀಲಿ ಇವರು ಪೂರ್ತಿ ಬಿಟ್ರು. ದುರದೃಷ್ಟ. ಇದ್ರಲ್ಲಿ ಕೊಲೆ ಅನ್ನೋ ಮಾತಿಲ್ಲ. ಮೇಷ್ಟ್ರೇ, ನೀವು ಮಗು ನೋಡೋಕೆ ಹೋಗಿ. ನೀವೂ ಹೊರಡೀಮ್ಮಾ, ಮುಗೀತು.’

ಎದ್ದು ಹೋಗಿದ್ದರೆ ಮುಗಿಯುತ್ತಿತ್ತು. ಆ ಕೋಣೆಯಲ್ಲಿ ಇನ್ನೇನನ್ನೂ ಕೇಳುವವರು ಯಾರೂ ಇರಲಿಲ್ಲ. ನರ್ಸಮ್ಮ ಅವಳ ಮೊಣಕೈ ಹಿಡಿದು ಎಬ್ಬಿಸಿದರು. ಬಾಗಿಲ ಕಡೆ ನಡೆಯುತ್ತಿದ್ದ ಮೇಷ್ಟ್ರು ತಿರುಗಿ ಬಂದು, ಅವಳ ಕಾಲ ಹತ್ತಿರ ಕುಸಿದು ಕೂತರು.

‘ನಾನೇ ತಪ್ಪು ತಿಳ್ಕೊಂಡೆ ಅಮ್ಮ. ನನ್ನ ಕೈಯಾರೆ ಹೋದ್ರು. ಇನ್ನು ಈ ಕೈಲಿ ಆ ಮಗು ಹೇಗೆ ಎತ್ಕೊಳ್ಲಿ?’

ದೊಡ್ಡಮ್ಮ ಅಧಿಕಾರಿಯ ಕಡೆ ತಿರುಗಿದಳು.

‘ಮುಗೀಲಿಲ್ಲಪ್ಪ. ಆ ಮಾತು ಮೇಷ್ಟ್ರಿಗೆ ಅಂದಿದ್ದಲ್ಲ.’

‘ಮತ್ಯಾರಿಗೆ?’

‘ಮೇಷ್ಟ್ರಿಗಾಗಿದ್ರೆ ಬಿಡಿ ಅಂತಿದ್ರು. ಅವರ ಬಾಯಲ್ಲಿ ನೀನು ಅನ್ನಿಸ್ಕೊಂಡೋಳು ನಾನೊಬ್ಬಳೇ.’

ಅಧಿಕಾರಿ ಪೆನ್ನು ಕೆಳಗಿಟ್ಟರು. ‘ನಿಮ್ಮ ಕೈಲೇನಿತ್ತು?’

‘ಹಾಯಿ ಹಗ್ಗ.’

‘ಅದನ್ನ ಬಿಟ್ಟಿದ್ರೆ?’

‘ದೋಣಿ ನಿಲ್ತಿತ್ತು. ಕೈಗೆ ಕೈ ಹಾಕಿ ಮೇಲೆತ್ಕೋಬಹುದಿತ್ತು.’

ಅವರಿಗೆ ಮುಂದಿನದನ್ನು ಕೇಳಲು ಇಷ್ಟವಿರಲಿಲ್ಲ ಎಂದು ನರ್ಸಮ್ಮ ಹೇಳುತ್ತಾರೆ. ಕೇಳಿದರು.

‘ಬಿಟ್ರಾ?’

‘ಇಲ್ಲ’ ಎಂದಳು ದೊಡ್ಡಮ್ಮ. ‘ಇನ್ನೂ ಬಿಗಿಯಾಗಿ ಹಿಡ್ಕೊಂಡೆ.’